ಮೂರು ಸೆಕೆಂಡು

ಮಿಲ್ವಾಕೀ. ನವೆಂಬರ್. ಮೂರನೇ ಮಹಡಿಯ ಕೊನೇ ಕೋಣೆ.
ಐದನೇ ಕ್ಲಾಸಿನ ಮಕ್ಕಳ ಕುರ್ಚಿಯಲ್ಲಿ
ಐವತ್ತೆಂಟು ವರ್ಷದ ಮಂಡಿ ಮಡಚಿ
ಹಿಂದೆ ಕೂತಿದ್ದೇನೆ.
ಕಿಟಕಿಯಡಿಯ ಹಳೇ ರೇಡಿಯೇಟರ್ ಕಾಯುತ್ತಿದೆ,
ಒಳಗ್ಯಾರೋ ಸುತ್ತಿಗೆ ಹಿಡಿದು ಕೂತ ಹಾಗೆ
ಠಣ್. ಠಣ್.

ನೋಡುವುದು ನನ್ನ ಕೆಲಸ.
ಕೈ ಕಟ್ಟಿ, ಬಾಯಿ ಕಟ್ಟಿ, ನೋಡಿದ್ದನ್ನು ಬರೆಯುವುದು.
ಒಂಬತ್ತು ಏಳು: ಮಿಸ್ ಲೋರ್ ಪ್ರಶ್ನೆ ಕೇಳಿದಳು.
ಒಂಬತ್ತು ಏಳು: ಮಿಸ್ ಲೋರ್ ತಾನೇ ಉತ್ತರ ಹೇಳಿದಳು.
ಇದು ಕಳೆದ ಮಂಗಳವಾರದ ಹಾಳೆ.
ಅವತ್ತು ಹತ್ತೊಂಬತ್ತು ತಪ್ಪು ಕಂಡಿದ್ದವು,
ಹದಿನೆಂಟು ನುಂಗಿದೆ. ಒಂದೇ ಒಂದು ಹೇಳಿದೆ:
ಕೇಳಿದ ಮೇಲೆ ಮೂರು ಸೆಕೆಂಡು ಕಾಯಿ.

ನಕ್ಕಳು. 'ಮೂರು ಸೆಕೆಂಡಲ್ಲಿ ಜಮೀರ್ ಮೇಜು ಹತ್ತಿರ್ತಾನೆ.'

ಇಪ್ಪತ್ತಮೂರು ಅವಳಿಗೆ. ಮಾಯ್ ಶೌವಾ ಲೋರ್.
ಅಮ್ಮ ಕಟ್ಟಿಕೊಟ್ಟ ಅಂಟನ್ನವನ್ನು
ಕಾರಿನಲ್ಲಿ ಕೂತು ಒಬ್ಬಳೇ ತಿನ್ನುತ್ತಾಳೆ.
ಫೋನಿನಲ್ಲಿ ರಾಜೀನಾಮೆಯ ಕಾಗದ
ಅಕ್ಟೋಬರಿನಿಂದ ಅರ್ಧ ಬರೆದೇ ಇದೆ.
ನನಗೇ ತೋರಿಸಿದಳು, ವ್ಯಾಕರಣ ನೋಡಿಕೊಡಿ ಎಂದು.
ನೋಡಿಕೊಟ್ಟೆ.
ಒಂದು ಅಲ್ಪವಿರಾಮ ಬಿಟ್ಟುಹೋಗಿತ್ತು.

ಕಾಯುವುದನ್ನು ಕಲಿಸುವವಳು ನಾನು!
ಇಪ್ಪತ್ತಾರು ವರ್ಷ ಪಾಠ ಮಾಡಿದೆ ಗಡಿಯಾರದ ಬೆನ್ನೇರಿ.
ಕಾರ್ನೀಲಿಯಸ್ ಎಂಬ ಹುಡುಗ. ಮಾತು ತಡೆಯುತ್ತಿತ್ತು.
ವರ್ಷಪೂರ್ತಿ ಅವನ ವಾಕ್ಯಗಳನ್ನು ನಾನೇ ಮುಗಿಸಿಕೊಟ್ಟೆ,
ಅದು ಅಕ್ಕರೆ ಅಂದುಕೊಂಡಿದ್ದೆ.
ಈಗ ಈ ಬೀದಿಯಲ್ಲೇ ಸಿಟಿ ಬಸ್ಸು ಓಡಿಸುತ್ತಾನೆ.
ನಾನು ಹತ್ತಿದರೆ ತಲೆಯಾಡಿಸುತ್ತಾನೆ, ಮಾತಿಲ್ಲ.
ಚೀಲ ಸರಿಮಾಡಿಕೊಂಡು, ಕಂಬಿ ಹಿಡಿದು
ನಾನು ಕೂರುವ ತನಕ
ಬ್ರೇಕಿನಿಂದ ಕಾಲೆತ್ತುವುದಿಲ್ಲ.

ಒಂಬತ್ತು ಹನ್ನೆರಡು.
'ನಾಲ್ಕರಲ್ಲಿ ಮೂರು ಪಾಲು, ಮೂರರಲ್ಲಿ ಎರಡು ಪಾಲು,
ಯಾವುದು ದೊಡ್ಡದು?'
ಕೇಳಿ, ತುಟಿ ಕಚ್ಚಿ ನಿಂತಳು.

ಒಂದು. ಜಮೀರ್ ಕುರ್ಚಿ ಕಿರುಗುಟ್ಟಿಸಿದ.
ಎರಡು. ಯಾರೋ ಕಿಸಕ್ಕೆಂದರು.
ಮೂರು. ಅವಳ ಕಿವಿ ಕಾದು ಕೆಂಪಾದವು.
ನನ್ನ ನಾಲಿಗೆಯ ತುದಿಯಲ್ಲಿ ಉತ್ತರ ತಕಪಕ ಕುಣಿಯುತ್ತಿದೆ,
ಎದ್ದು ಹೋಗಿ ಮಾರ್ಕರ್ ಕಸಿದು
ಎರಡು ಗೆರೆ ಎಳೆದರೆ ಮುಗೀತು...
ಕುರ್ಚಿಯಂಚು ಗಟ್ಟಿ ಹಿಡಿದೆ. ಕೆಳಗೆ
ಯಾವ ಕಾಲದ್ದೋ ಚೂಯಿಂಗ್ ಗಮ್ಮು, ಕಲ್ಲಾಗಿತ್ತು.
ಐದು. ಆರು.

ಸೆಪ್ಟೆಂಬರಿನಿಂದ ಬಾತ್‌ರೂಮಿಗಷ್ಟೇ ಬಾಯಿ ತೆರೆದ ಜರಿಯಾ
ಟೋಪಿಯೊಳಗಿಂದಲೇ ಅಂದಳು:
'ಎರಡೂ ಒಂದೇ.
ಎರಡರಲ್ಲೂ ಒಂದೊಂದು ಚೂರು ಕಮ್ಮಿ.'

ಮಿಸ್ ಲೋರ್ ನನ್ನತ್ತ ನೋಡಿದಳು.
ನಾನು ಹಾಳೆಯತ್ತ ನೋಡಿದೆ, ಕಟುಕಿಯ ಹಾಗೆ.
ತಪ್ಪು ಎನ್ನಲು ತೆರೆದ ಬಾಯಿ
ಹಾಗೇ ಮುಚ್ಚಿಕೊಂಡಳು. ಆಮೇಲೆ ಮೆಲ್ಲಗೆ:
'ಆ ಚೂರು... ಎಷ್ಟೆಷ್ಟು ದೊಡ್ಡದು, ಜರಿಯಾ?'

ಅಷ್ಟರಲ್ಲಿ ಬೆಂಕಿಯ ಅಲಾರಾಂ. ಬರೀ ತಾಲೀಮು.
ಮೂರು ಮಹಡಿ ದಡದಡ ಇಳಿದು, ಹಿಮ ಬಿದ್ದ ಅಂಗಳದಲ್ಲಿ
ಇಪ್ಪತ್ತೊಂಬತ್ತು ತಲೆ ಎರಡು ಸಲ ಎಣಿಸಿ
ಅವಳು ನನ್ನ ಪಕ್ಕ ಬಂದು ನಿಂತಳು, ಹಲ್ಲು ಕಟಕಟ.
'ಇವತ್ತೇನು ತಪ್ಪಾಯ್ತು?'
'ಕೋಟು ತರಬೇಕಿತ್ತು,' ಅಂದೆ.

ಹಾಳೆಯಲ್ಲಿ 'ಮುಂದಿನ ಹೆಜ್ಜೆ' ಎಂಬ ಚೌಕ ಖಾಲಿ.
ಪೆನ್ನಿನ ಇಂಕು ಹೆಪ್ಪುಗಟ್ಟಿದೆ.
ಸಾಲಿನ ಕೊನೆಯಲ್ಲಿ ಜರಿಯಾ
ಎರಡು ಬೆರಳಿನ ನಡುವೆ ಗಾಳಿಯನ್ನು ಅಳೆಯುತ್ತಿದ್ದಾಳೆ:
ಒಮ್ಮೆ ಇಷ್ಟು,
ಒಮ್ಮೆ, ಕಣ್ಣು ಕಿರಿದು ಮಾಡಿ,
ಇನ್ನೊಂಚೂರು ಜಾಸ್ತಿ.